ಗಂಟೆಗೊಂದು ಮಿಡಿತ, ಎರಡು ಸಾವಿರ ಕೋಶ

ಹಸು ಬೆದೆಗೆ ಬರುತ್ತಿಲ್ಲ, ಬಂದರೂ ಗಬ್ಬ ನಿಲ್ಲುತ್ತಿಲ್ಲ ಎಂದು ಹೈನುಗಾರರು ದೂರು ಒಯ್ದರೆ ಪಶುವೈದ್ಯರು ಚೀಲದಿಂದ ಒಂದು ಪುಟ್ಟ ಸೀಸೆ ತೆಗೆಯುವುದುಂಟು. ಸಿರಿಂಜಿಗೆ ಏರುವುದು ಎರಡೂವರೆ ಮಿಲಿಲೀಟರ್, ನೋಡಲು ನೀರಿನಂತೆ. ಅದರೊಳಗಿನ ಔಷಧದ ಹೆಸರು ಬುಸೆರೆಲಿನ್, ಪ್ರಮಾಣ ಬರೀ 10 ಮೈಕ್ರೋಗ್ರಾಂ. ಹಸುವಿನ ತೂಕ 400 ಕಿಲೋ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಔಷಧದ ಒಂದು ಪಾಲಿಗೆ ಹಸುವಿನ ಮೈ ನಾಲ್ಕು ಸಾವಿರ ಕೋಟಿ ಪಾಲು. ಅಷ್ಟಕ್ಕೇ ಹಸುವಿನ ತಲೆಯೊಳಗಿನ ಪಿಟ್ಯುಟರಿ ಗ್ರಂಥಿ ಎಚ್ಚೆತ್ತು ರಕ್ತಕ್ಕೆ ಹಾರ್ಮೋನು ಸುರಿಯುತ್ತದೆ. ಅಂಡಾಶಯದಲ್ಲಿ ಬಲಿತ ಕೋಶಿಕೆಯೊಂದು ಕಾದಿದ್ದರೆ 24ರಿಂದ 32 ಗಂಟೆಯೊಳಗೆ ಅಂಡ ಹೊರಬೀಳುತ್ತದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ರೂಪುಗೊಂಡು 1995ರಲ್ಲಿ ಪ್ರಕಟವಾದ ‘ಓವ್‌ಸಿಂಕ್’ ಎಂಬ ವಿಧಾನ ನಿಂತಿರುವುದೇ ಇದರ ಮೇಲೆ. ಬೆದೆಗಾಗಿ ಕಾಯದೆ, ಗಡಿಯಾರ ನೋಡಿಕೊಂಡು ಕೃತಕ ಗರ್ಭಧಾರಣೆ ಮಾಡುವ ವಿಧಾನ ಅದು.

ಬುಸೆರೆಲಿನ್ ಒಂದು ನಕಲು. ಅಸಲು ಸರಕು ಹಸುವಿನ ಮಿದುಳಿನಲ್ಲೇ ತಯಾರಾಗುತ್ತದೆ, ನಮ್ಮ ನಿಮ್ಮ ಮಿದುಳಿನಲ್ಲೂ. ಜಿಎನ್‌ಆರ್‌ಹೆಚ್ ಎನ್ನುತ್ತಾರೆ, ಗೊನಡೊಟ್ರೋಪಿನ್ ಬಿಡುಗಡೆಯ ಹಾರ್ಮೋನು. ಹತ್ತೇ ಅಮೈನೊ ಆಮ್ಲಗಳ ಸರ. ಒಂದೊಂದು ಜಾಗದಲ್ಲೂ ಇಪ್ಪತ್ತು ಬಗೆಯ ಅಮೈನೊ ಆಮ್ಲಗಳಲ್ಲಿ ಯಾವುದಾದರೂ ಕೂರಬಹುದು ಎಂದರೆ ಇಂಥ ಸರಗಳನ್ನು ಹತ್ತು ಲಕ್ಷ ಕೋಟಿಗೂ ಹೆಚ್ಚು ಬಗೆಯಲ್ಲಿ ಪೋಣಿಸಬಹುದು. ಅಷ್ಟು ಸಾಧ್ಯತೆಗಳಿದ್ದೂ ಹಂದಿಯಲ್ಲಿ, ಕುರಿಯಲ್ಲಿ, ಇಲಿಯಲ್ಲಿ, ಹಸುವಿನಲ್ಲಿ, ಮನುಷ್ಯನಲ್ಲಿ ಇರುವುದು ಒಂದೇ ಸರ, ಒಂದಕ್ಷರವೂ ಆಚೀಚೆಯಿಲ್ಲ. ಗಿನಿಪಿಗ್ ಎಂಬ ಪ್ರಾಣಿ ಮಾತ್ರ ಏನೋ ಹಟ ಹಿಡಿದು ಎರಡು ಮಣಿ ಬದಲಿಸಿಕೊಂಡಿದೆ. ಸಂತಾನದ ವಿಷಯದಲ್ಲಿ ಪ್ರಕೃತಿ ಪ್ರಯೋಗಶೀಲೆ ಎಂದು ನಂಬಿದವರು ಇಲ್ಲಿ ಸ್ವಲ್ಪ ತಡೆದು ನಿಲ್ಲಬೇಕು. ಯಾವ ಕಡೆ ಬೇಕಾದರೂ ಪ್ರಯೋಗ ಮಾಡಿದ ವಿಕಾಸ ಈ ಹತ್ತು ಮಣಿಗಳ ತಂಟೆಗೆ ಹೆಚ್ಚಾಗಿ ಹೋಗಿಲ್ಲ.

ಇದನ್ನು ತಯಾರಿಸುವ ಜಾಗ ಹೈಪೋಥಲಾಮಸ್. ಸುಮಾರು 1,350 ಗ್ರಾಂ ತೂಗುವ ಮಿದುಳಿನ ತಳದಲ್ಲಿ ಇರುವ ಈ ಭಾಗದ ತೂಕ ನಾಲ್ಕು ಗ್ರಾಂ. ಹಸಿವು, ಬಾಯಾರಿಕೆ, ಮೈಶಾಖ, ನಿದ್ದೆ ಎಲ್ಲದರ ಉಸ್ತುವಾರಿಯೂ ಅಲ್ಲೇ. ಆ ನಾಲ್ಕು ಗ್ರಾಮಿನೊಳಗೂ ಜಿಎನ್‌ಆರ್‌ಹೆಚ್ ತಯಾರಿಸಬಲ್ಲ ನರಕೋಶಗಳು ಎಷ್ಟು? ಇಲಿಮರಿ ಗಾತ್ರದ ಪ್ರಯೋಗಾಲಯದ ಸುಂಡಿಲಿಯಲ್ಲಿ ಹೆಚ್ಚೆಂದರೆ 800. ಮನುಷ್ಯರಲ್ಲಿ ಒಂದರಿಂದ ಮೂರು ಸಾವಿರ. ನಡುವಿನ ಅಂಕಿ ಎರಡು ಸಾವಿರ ಹಿಡಿಯೋಣ. ಬ್ರೆಜಿಲಿನ ಸುಜಾನಾ ಹರ್ಕುಲಾನೊ-ಹೌಜೆಲ್ ಮತ್ತು ಸಂಗಡಿಗರು 2009ರಲ್ಲಿ ಎಣಿಸಿದ ಪ್ರಕಾರ ಮನುಷ್ಯನ ಮಿದುಳಿನಲ್ಲಿರುವ ನರಕೋಶಗಳು 8,600 ಕೋಟಿ. ಅಂದರೆ ನಾಲ್ಕು ಕೋಟಿ ಮೂವತ್ತು ಲಕ್ಷಕ್ಕೆ ಒಂದು. ಭಾರತದ 140 ಕೋಟಿ ಜನಕ್ಕೆ ಇದೇ ಅನುಪಾತ ಹಚ್ಚಿದರೆ 33 ಮಂದಿ ಆಗುತ್ತಾರೆ. ಕರ್ನಾಟಕದ ಮಂತ್ರಿಮಂಡಲಕ್ಕೆ ಇರುವ 34ರ ಮಿತಿಗಿಂತಲೂ ಒಬ್ಬರು ಕಮ್ಮಿ. ಇವರು ಒಂದೇ ಸೌಧದಲ್ಲಿ ಕೂತವರೂ ಅಲ್ಲ, ಚದುರಿ ಹೋದವರು. ಇಡೀ ಕುಲದ ಮುಂದುವರಿಕೆ ಇವರ ಸಹಿಯ ಮೇಲೆ ನಿಂತಿದೆ, ಆದರೆ ನೂರು ವರ್ಷದ ಹಿಂದೆ ಇವರು ಇದ್ದಾರೆಂದೇ ಯಾರಿಗೂ ಗೊತ್ತಿರಲಿಲ್ಲ.

ಆಗ ಪಿಟ್ಯುಟರಿಯೇ ರಾಜ ಎಂದು ಎಲ್ಲರೂ ನಂಬಿದ್ದರು. ಅರ್ಧ ಗ್ರಾಮಿನ ಆ ಗ್ರಂಥಿಯನ್ನು ತೆಗೆದರೆ ವೃಷಣ, ಅಂಡಾಶಯಗಳು ಬಾಡುತ್ತಿದ್ದವು. ಮಿದುಳಿನಿಂದ ಅದರ ಮುಂಭಾಗಕ್ಕೆ ನರದ ತಂತುಗಳು ಕಾಣಲಿಲ್ಲವಾದ್ದರಿಂದ ಅದು ಸ್ವತಂತ್ರ ಎಂಬ ತೀರ್ಮಾನ. ಇಂಗ್ಲೆಂಡಿನ ಜೆಫ್ರಿ ಹ್ಯಾರಿಸ್ ಒಪ್ಪಲಿಲ್ಲ. ನರ ಇಲ್ಲದಿದ್ದರೇನು, ನಡುವೆ ಕೂದಲಿಗಿಂತ ಸಪುರವಾದ ರಕ್ತನಾಳಗಳಿವೆಯಲ್ಲ, ಆಜ್ಞೆ ಅವುಗಳ ಮೂಲಕ ಇಳಿಯುತ್ತಿರಬೇಕು ಎಂದ. 1952ರಲ್ಲಿ ಅವನೂ ಡೋರಾ ಯಾಕಬ್‌ಸನ್ನಳೂ ಹೆಣ್ಣಿಲಿಗಳ ಪಿಟ್ಯುಟರಿ ತೆಗೆದು ಬೇರೆ ಪಿಟ್ಯುಟರಿ ಕಸಿ ಮಾಡಿದರು. ಕೆಲವಕ್ಕೆ ಹೈಪೋಥಲಾಮಸ್ಸಿನ ಅಡಿಯಲ್ಲೇ ಕೂರಿಸಿದರು, ಕೆಲವಕ್ಕೆ ಕೆಲವೇ ಮಿಲಿಮೀಟರ್ ಪಕ್ಕದಲ್ಲಿ, ಮಿದುಳಿನ ಇನ್ನೊಂದು ಹಾಲೆಯ ಕೆಳಗೆ. ಮೊದಲ ಗುಂಪಿನ ಇಲಿಗಳು ಮತ್ತೆ ಬೆದೆಗೆ ಬಂದವು. ಎರಡನೆಯವು ಬರಲಿಲ್ಲ. ರಾಜ ಎಂದುಕೊಂಡಿದ್ದವನು ಸಾಮಂತ ಎಂದು ಗೊತ್ತಾಯಿತು. ಮೇಲಿನಿಂದ ಇಳಿಯುತ್ತಿದ್ದ ಆಜ್ಞೆ ಯಾವುದು ಎಂಬುದು ಮಾತ್ರ ಗೊತ್ತಾಗಲಿಲ್ಲ.

ಅದನ್ನು ಹುಡುಕಿದ ಕತೆಯಲ್ಲಿ ಅಂಕಿಗಳು ದಿಕ್ಕು ಬದಲಿಸಿ ದೈತ್ಯವಾಗುತ್ತವೆ. ಫ್ರಾನ್ಸಿನ ದಿಜೋನ್‌ನಲ್ಲಿ ಹುಟ್ಟಿದ ರೋಜರ್ ಗಿಯ್ಮಾಂ ಮತ್ತು ಪೋಲೆಂಡಿನಿಂದ ಬಂದ ಆಂಡ್ರ್ಯೂ ಷಾಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ 1957ರಿಂದ ಐದು ವರ್ಷ ಒಟ್ಟಿಗೆ ದುಡಿದರು. ಆಮೇಲೆ ಬೇರೆಯಾದರು, ಬೇರೆಯಾದವರು ಕಟ್ಟಾ ಪ್ರತಿಸ್ಪರ್ಧಿಗಳಾದರು. ಗಿಯ್ಮಾಂ ಕುರಿಗಳನ್ನು ಹಿಡಿದರೆ ಷಾಲಿ ನ್ಯೂ ಆರ್ಲಿಯನ್ಸ್‌ಗೆ ಹೋಗಿ ಹಂದಿಗಳನ್ನು ಹಿಡಿದ. ಒಂದೊಂದು ಪ್ರಾಣಿಯ ಹೈಪೋಥಲಾಮಸ್ಸಿನಲ್ಲಿ ಸಿಗುವ ಹಾರ್ಮೋನು ಎಷ್ಟು ಕಡಿಮೆ ಎಂದರೆ ಕಸಾಯಿಖಾನೆಗಳ ಜೊತೆ ಕರಾರು ಮಾಡಿಕೊಳ್ಳದೆ ಬೇರೆ ದಾರಿ ಇರಲಿಲ್ಲ. ಗಿಯ್ಮಾಂ ತಂಡ ವರ್ಷಗಳುದ್ದಕ್ಕೂ ಸಂಗ್ರಹಿಸಿದ ಕುರಿ ಹೈಪೋಥಲಾಮಸ್ ತುಣುಕುಗಳು ಸುಮಾರು 50 ಲಕ್ಷ. ಅದಕ್ಕಾಗಿ ಕೈಯಾಡಿಸಿದ ಮಿದುಳು 500 ಟನ್ನು. ಷಾಲಿಗೆ ಮಾಂಸದ ಕಂಪನಿಯೊಂದು ಹಂದಿಗಳ ಹೈಪೋಥಲಾಮಸ್‌ಗಳನ್ನು ಲಕ್ಷಗಟ್ಟಲೆ ದಾನವಾಗಿ ಕೊಟ್ಟಿತು. ಮಂಜುಗಡ್ಡೆಯ ಮೇಲೆ ಬಂದ ಈ ಸರಕನ್ನು ಒಣಗಿಸಿ, ಅರೆದು, ಕರಗಿಸಿ, ಸೋಸಿ, ಮತ್ತೆ ಸೋಸಿ ಕೊನೆಗೆ ಸಿಕ್ಕಿದ್ದೇನು?

ಇಬ್ಬರೂ ಮೊದಲು ಬೆನ್ನು ಹತ್ತಿದ್ದು ಥೈರಾಯ್ಡಿಗೆ ಸಂಬಂಧಪಟ್ಟ ಟಿಆರ್‌ಹೆಚ್ ಎಂಬ ಹಾರ್ಮೋನನ್ನು. ಷಾಲಿಗೆ ಒಂದು ಲಕ್ಷ ಹಂದಿಗಳಿಂದ 2.8 ಮಿಲಿಗ್ರಾಂ ಸಿಕ್ಕಿತು. ಗಿಯ್ಮಾಂಗೆ ಮೂರು ಲಕ್ಷ ಕುರಿಗಳಿಂದ 1 ಮಿಲಿಗ್ರಾಂ. ಹಣ ಕೊಡುತ್ತಿದ್ದ ಅಮೆರಿಕದ ಆರೋಗ್ಯ ಸಂಸ್ಥೆಗೆ ತಾಳ್ಮೆ ಮುಗಿಯುತ್ತ ಬಂದಿತ್ತು. 1969ರ ಆರಂಭದಲ್ಲಿ ಅರಿಜೋನಾದ ಟೂಸಾನ್‌ನಲ್ಲಿ ನಡೆದ ಸಭೆಯಲ್ಲಿ ಈ ಹುಚ್ಚಾಟ ನಿಲ್ಲಿಸೋಣವೇ ಎಂಬ ಪ್ರಶ್ನೆಯೇ ಗಾಳಿಯಲ್ಲಿತ್ತು. ಅದೇ ವರ್ಷ ಟಿಆರ್‌ಹೆಚ್ ರಚನೆ ಗೊತ್ತಾಯಿತು: ಮೂರೇ ಮೂರು ಅಮೈನೊ ಆಮ್ಲ. ಹಣ ಉಳಿಯಿತು. ಸಂತಾನದ ಹಾರ್ಮೋನಿನ ಸರದಿ 1971ರಲ್ಲಿ ಬಂತು. 1,60,000 ಹಂದಿಗಳ ಹೈಪೋಥಲಾಮಸ್ ಅರೆದು ತೆಗೆದ ಚೂರನ್ನು ಇಟ್ಟುಕೊಂಡು ಷಾಲಿಯ ಪ್ರಯೋಗಾಲಯದ ಜಪಾನಿ ರಸಾಯನಶಾಸ್ತ್ರಜ್ಞರಾದ ಮಾತ್ಸುವೊ ಮತ್ತು ಬಾಬಾ ಹತ್ತು ಮಣಿಗಳ ಕ್ರಮವನ್ನು ಬಿಡಿಸಿದರು. ಕುರಿಯ ಸರವೂ ಅದೇ ಎಂದು ಗಿಯ್ಮಾಂ ತಂಡ ಆಮೇಲೆ ತೋರಿಸಿತು.

1977ರ ನೊಬೆಲ್ ಪ್ರಶಸ್ತಿಯನ್ನು ಈ ಇಬ್ಬರು ಅರ್ಧದಲ್ಲಿ ಅರ್ಧ ಹಂಚಿಕೊಂಡರು. ಉಳಿದ ಅರ್ಧ ಪೂರ್ತಿಯಾಗಿ ಹೋದದ್ದು ನ್ಯೂಯಾರ್ಕಿನ ರೊಸಾಲಿನ್ ಯಾಲೋಗೆ. ರಕ್ತದಲ್ಲಿ ಒಂದು ಗ್ರಾಮಿನ ಲಕ್ಷ ಕೋಟಿಯ ಒಂದು ಭಾಗದಷ್ಟಿರುವ ಹಾರ್ಮೋನನ್ನೂ ವಿಕಿರಣದ ನೆರವಿನಿಂದ ಅಳೆಯುವ ವಿಧಾನ ಆಕೆಯದು. ನನ್ನನ್ನು ಕೇಳಿದರೆ ಹಂಚಿಕೆ ಸರಿಯಾಗಿಯೇ ಇತ್ತು. ಟನ್ನುಗಟ್ಟಲೆ ಮಿದುಳು ಅರೆಯಲು ಹಟ ಬೇಕು, ನಿಜ. ಆದರೆ ಅಷ್ಟು ಸಣ್ಣದನ್ನು ಅಳೆಯಲು ಬರದಿದ್ದರೆ ಮುಂದಿನ ಕತೆ ನಡೆಯುತ್ತಲೇ ಇರಲಿಲ್ಲ. ಗಿಯ್ಮಾಂ ಮತ್ತು ಷಾಲಿ ಇಬ್ಬರೂ ದೀರ್ಘಾಯುಷಿಗಳು; ಜಗಳವಾಡಿದವರು ಒಂದೇ ವರ್ಷ, 2024ರಲ್ಲಿ, ಎಂಟು ತಿಂಗಳ ಅಂತರದಲ್ಲಿ ತೀರಿಕೊಂಡರು. ಒಬ್ಬನಿಗೆ ನೂರು, ಇನ್ನೊಬ್ಬನಿಗೆ 97.

ಸರ ಸಿಕ್ಕಿತು, ಅದನ್ನು ಕಾರ್ಖಾನೆಯಲ್ಲಿ ತಯಾರಿಸುವುದೂ ಸುಲಭವಾಯಿತು. ಸಂತಾನವಿಲ್ಲದವರಿಗೆ ಇದನ್ನು ರಕ್ತಕ್ಕೆ ಹರಿಸಿದರೆ ಸಾಕು, ತೊಟ್ಟಿಲು ತೂಗುತ್ತದೆ ಎಂದು ಅನೇಕರು ಅಂದುಕೊಂಡರು. ಹರಿಸಿದರು. ಏನೂ ಆಗಲಿಲ್ಲ. ಕೆಲವೊಮ್ಮೆ ಇದ್ದದ್ದೂ ನಿಂತಿತು.

ಗುಟ್ಟು ಬಿಡಿಸಿದವನು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಅರ್ನ್‌ಸ್ಟ್ ನೋಬಿಲ್. ರೀಸಸ್ ಮಂಗಗಳ ರಕ್ತವನ್ನು ಕೆಲವು ನಿಮಿಷಗಳಿಗೊಮ್ಮೆ ತೆಗೆದು ಯಾಲೋ ವಿಧಾನದಿಂದ ಅಳೆದಾಗ, ಪಿಟ್ಯುಟರಿಯ ಎಲ್‌ಹೆಚ್ ಹಾರ್ಮೋನು ಸಮನಾಗಿ ಹರಿಯದೆ ಹೆಚ್ಚುಕಡಿಮೆ ಗಂಟೆಗೊಮ್ಮೆ ಚಿಮ್ಮುವುದು 1970ರಲ್ಲೇ ಅವನ ತಂಡಕ್ಕೆ ಕಂಡಿತ್ತು. 1978ರಲ್ಲಿ ಪ್ರಕಟವಾದ ಪ್ರಯೋಗ ಹೀಗಿದೆ. ಮಂಗಗಳ ಹೈಪೋಥಲಾಮಸ್ಸಿನಲ್ಲಿ ಜಿಎನ್‌ಆರ್‌ಹೆಚ್ ಹೊರಡುವ ಭಾಗವನ್ನು ನಾಶ ಮಾಡಿದರು. ಎಲ್‌ಹೆಚ್ ಮತ್ತು ಅದರ ಜೊತೆಗಾರ ಎಫ್‌ಎಸ್‌ಹೆಚ್ ಎರಡೂ ನೆಲ ಕಚ್ಚಿದವು. ಈಗ ಪಂಪಿನಿಂದ ಜಿಎನ್‌ಆರ್‌ಹೆಚ್ ಕೊಡತೊಡಗಿದರು. ಗಂಟೆಗೊಮ್ಮೆ, ಆರು ನಿಮಿಷ, ನಿಮಿಷಕ್ಕೆ ಒಂದು ಮೈಕ್ರೋಗ್ರಾಂ. ಹಾರ್ಮೋನುಗಳು ಎದ್ದು ನಿಂತವು. ಅದೇ ಔಷಧವನ್ನು ಎಡೆಬಿಡದೆ ಹರಿಸಿದರು. ಹತ್ತು ದಿನದೊಳಗೆ ಮತ್ತೆ ನೆಲ ಕಚ್ಚಿದವು. ಪುನಃ ಗಂಟೆಗೊಮ್ಮೆ ಕೊಟ್ಟಾಗ ಪುನಃ ಎದ್ದವು.

ಕೊಟ್ಟ ಪ್ರಮಾಣ ಹೆಚ್ಚಾದಾಗ ಕೆಲಸ ಕೆಟ್ಟಿತು, ನಡುವಿನ ಐವತ್ತನಾಲ್ಕು ನಿಮಿಷದ ಮೌನ ಸೇರಿದಾಗ ಕೆಲಸ ನಡೆಯಿತು. ಇನ್ನೂ ಮುಂದೆ ಹೋಗಿ ಅವರು ಲಯವನ್ನೇ ಬದಲಿಸಿ ನೋಡಿದರು. ಗಂಟೆಗೆ ಐದು ಸಲ ಕೊಟ್ಟರೆ ಎರಡೂ ಹಾರ್ಮೋನು ಕುಸಿದವು. ಮೂರು ಗಂಟೆಗೊಮ್ಮೆ ಕೊಟ್ಟರೆ ಎಲ್‌ಹೆಚ್ ಇಳಿದು ಎಫ್‌ಎಸ್‌ಹೆಚ್ ಏರಿತು. ಒಂದೇ ಅಣು, ಒಂದೇ ಗ್ರಂಥಿ, ಆದರೂ ಎರಡು ಬೇರೆ ಆಜ್ಞೆ. ಇಷ್ಟು ಹೊತ್ತು ನಾನು ಪೇರಿಸಿದ ಟನ್ನು, ಲಕ್ಷ, ಕೋಟಿಗಳಿಗಿಂತ ಈ ‘ಗಂಟೆಗೊಮ್ಮೆ’ ಎಂಬ ಅಂಕಿಯೇ ಹೆಚ್ಚು ಬೆರಗು ಹುಟ್ಟಿಸುವಂಥದ್ದು. ಮಿದುಳು ಸಂತಾನಕ್ಕೆ ಕಳಿಸುವ ಸಂದೇಶ ಅಣುವಿನಲ್ಲಿ ಅರ್ಧ ಇದೆ, ಅಣುಗಳ ನಡುವಿನ ಬಿಡುವಿನಲ್ಲಿ ಇನ್ನರ್ಧ.

ಬಿಡುವು ಉಳಿಯಬೇಕಾದರೆ ಹಳೆಯ ಸಂದೇಶ ಬೇಗ ಅಳಿಯಬೇಕು. ಅದಕ್ಕೂ ವ್ಯವಸ್ಥೆ ಇದೆ. ರಕ್ತಕ್ಕೆ ಬಿದ್ದ ಜಿಎನ್‌ಆರ್‌ಹೆಚ್‌ನಲ್ಲಿ ಅರ್ಧ ಎರಡರಿಂದ ನಾಲ್ಕು ನಿಮಿಷದಲ್ಲಿ ಹಾಳಾಗುತ್ತದೆ. ಹ್ಯಾರಿಸ್ ಹೇಳಿದ ಆ ಸಪುರ ನಾಳಗಳಲ್ಲಿ ಕೆಲವು ಮಿಲಿಮೀಟರ್ ಇಳಿದು ಪಿಟ್ಯುಟರಿ ಮುಟ್ಟುವಷ್ಟು ಆಯುಷ್ಯ ಸಾಕು ಅದಕ್ಕೆ. ತೋಳಿನಿಂದ ತೆಗೆದ ರಕ್ತದಲ್ಲಿ ಹುಡುಕಿದರೆ ಅದು ಸಿಗುವುದೇ ಇಲ್ಲವೆನ್ನಬಹುದು. ಗಂಡಸರಲ್ಲಿ ಎರಡು ಗಂಟೆಗೊಂದು ಮಿಡಿತ ಎಂದು ಹಿಡಿದರೆ ದಿನಕ್ಕೆ 12, ವರ್ಷಕ್ಕೆ 4,380. ಹದಿನೈದರಿಂದ ಅರವತ್ತೈದರವರೆಗೆ 2,19,000. ಹೆಂಗಸರಲ್ಲಿ ಲೆಕ್ಕ ಇಷ್ಟು ಸರಳವಲ್ಲ. ತಿಂಗಳ ಮೊದಲರ್ಧದಲ್ಲಿ ಒಂದರಿಂದ ಒಂದೂವರೆ ಗಂಟೆಗೊಂದು, ಅಂಡ ಬಿಡುಗಡೆಯಾದ ಮೇಲೆ ನಿಧಾನವಾಗಿ ಮೂರು ನಾಲ್ಕು ಗಂಟೆಗೊಂದು.

ಚದುರಿ ಹೋದ ಎರಡು ಸಾವಿರ ಕೋಶಗಳು ಒಟ್ಟಾಗಿ ಮಿಡಿಯುವುದು ಹೇಗೆ? ಇದಕ್ಕೆ ಉತ್ತರ ಬಂದ ದಾರಿ ವಿಚಿತ್ರ. ಅಮೆರಿಕದ ಹರ್ಷಿ ಎಂಬ ಊರು ‘ಕಿಸಸ್’ ಎಂಬ ಚಾಕೊಲೇಟಿಗೆ ಹೆಸರುವಾಸಿ. ಆ ಊರಿನ ವೈದ್ಯಕೀಯ ಕಾಲೇಜಿನಲ್ಲಿ 1996ರಲ್ಲಿ ಕ್ಯಾನ್ಸರ್ ಹರಡದಂತೆ ತಡೆಯುವ ಜೀನ್ ಒಂದು ಸಿಕ್ಕಾಗ, ಊರಿನ ಮೇಲಿನ ಅಭಿಮಾನಕ್ಕೆ ‘ಕಿಸ್1’ ಎಂದು ಹೆಸರಿಟ್ಟರು. ಸಂತಾನದ ಸುದ್ದಿ ಆಗ ಯಾರ ತಲೆಯಲ್ಲೂ ಇರಲಿಲ್ಲ. 2003ರಲ್ಲಿ ಫ್ರಾನ್ಸಿನ ಒಂದು ತಂಡ, ಬಾಸ್ಟನ್‌ನ ಸ್ಟೆಫನಿ ಸೆಮಿನಾರಾ ತಂಡ, ಇಬ್ಬರೂ ಬೇರೆಬೇರೆಯಾಗಿ ಪ್ರಾಯಕ್ಕೇ ಬಾರದ ಮಕ್ಕಳಿರುವ ಕುಟುಂಬಗಳನ್ನು ಪರೀಕ್ಷಿಸಿದರು. ಆ ಮಕ್ಕಳಲ್ಲಿ ಕೆಟ್ಟಿದ್ದದ್ದು ಕಿಸ್1 ಜೀನಿನಿಂದ ತಯಾರಾಗುವ ಕಿಸ್ಪೆಪ್ಟಿನ್ ಬಂದು ಕೂರುವ ಗ್ರಾಹಕ. ಆ ಜಾಡು ಹಿಡಿದು ಹೋದಾಗ ಮುಂದೆ ತಾಳ ಹಿಡಿಯುವ ಕೋಶಗಳ ಪತ್ತೆಯಾಯಿತು. ಹೈಪೋಥಲಾಮಸ್ಸಿನ ಬುಡದಲ್ಲಿರುವ ಇವು ತಮ್ಮೊಳಗೇ ಒಂದನ್ನೊಂದು ನ್ಯೂರೋಕೈನಿನ್-ಬಿ ಎಂಬ ರಾಸಾಯನಿಕದಿಂದ ಎಬ್ಬಿಸಿ, ಡೈನಾರ್ಫಿನ್ ಎಂಬ ಇನ್ನೊಂದರಿಂದ ಮಲಗಿಸಿ, ಎದ್ದಾಗಲೆಲ್ಲ ಕಿಸ್ಪೆಪ್ಟಿನ್ ಎರಚುತ್ತವೆ. ಜಿಎನ್‌ಆರ್‌ಹೆಚ್ ಕೋಶಗಳು ಆ ತಾಳಕ್ಕೆ ಕುಣಿಯುತ್ತವೆ.

ಮುಟ್ಟು ನಿಂತ ಹೆಂಗಸರನ್ನು ಕಾಡುವ ಮೈಬಿಸಿಗೂ ಈ ತಾಳದ ಕೋಶಗಳಿಗೂ ನಂಟಿದೆ. ಈಸ್ಟ್ರೋಜನ್ನಿನ ಕಡಿವಾಣ ತಪ್ಪಿದ ಮೇಲೆ ಇವು ಹಿಗ್ಗಿ, ಪಕ್ಕದ ಮೈಶಾಖದ ಕೇಂದ್ರವನ್ನೂ ಕೆಣಕುತ್ತವೆ. ನ್ಯೂರೋಕೈನಿನ್-ಬಿಯ ಗ್ರಾಹಕವನ್ನು ಮುಚ್ಚುವ ಫೆಜೊಲಿನೆಟಂಟ್ ಎಂಬ ಮಾತ್ರೆಗೆ ಅಮೆರಿಕ 2023ರಲ್ಲಿ ಒಪ್ಪಿಗೆ ಕೊಟ್ಟಿತು. ಮಧ್ಯರಾತ್ರಿ ಬೆವೆತು ಎದ್ದು ಕೂರುವ ತಾಯಂದಿರಿಗೆ ಇಷ್ಟು ಕಾಲ ‘ವಯಸ್ಸಾಯಿತಲ್ಲ, ಸಹಿಸಿಕೊಳ್ಳಿ’ ಎನ್ನುತ್ತಿದ್ದ ಜಗತ್ತಿಗೆ ಅದರ ವಿಳಾಸ ಸಿಕ್ಕಿದ್ದು ಇಷ್ಟು ತಡವಾಗಿ.

ತಿಂಗಳ ನಡುವೆ ಒಮ್ಮೆ ಈ ಲಯ ತಲೆಕೆಳಗಾಗುತ್ತದೆ. ಅದುವರೆಗೆ ಅಂಡಾಶಯದಿಂದ ಬರುವ ಈಸ್ಟ್ರೋಜನ್ ಮಿದುಳಿಗೆ ‘ಸಾಕು, ನಿಧಾನ’ ಎನ್ನುತ್ತಿರುತ್ತದೆ. ಕೋಶಿಕೆ ಬಲಿತು ಈಸ್ಟ್ರೋಜನ್ ಮಟ್ಟ ಒಂದು ಮಿಲಿಲೀಟರ್ ರಕ್ತಕ್ಕೆ 200 ಪಿಕೋಗ್ರಾಂ ದಾಟಿ, ಸುಮಾರು ಎರಡು ದಿನ ಅಲ್ಲೇ ನಿಂತಿತೋ, ಅದೇ ಈಸ್ಟ್ರೋಜನ್ ‘ಹೊಡಿ’ ಎನ್ನತೊಡಗುತ್ತದೆ. ಮೈಯ ಐದು ಲೀಟರ್ ರಕ್ತವನ್ನು ಪೂರ್ತಿ ಸೇರಿಸಿದರೂ ಆ 200 ಪಿಕೋಗ್ರಾಂ ಲೆಕ್ಕದಲ್ಲಿ ಒಂದು ಮೈಕ್ರೋಗ್ರಾಂ ಆಗುತ್ತದೆ. ಅಷ್ಟನ್ನು ಅಳೆದು, ಎರಡು ದಿನ ಎಣಿಸಿ, ಮನಸ್ಸು ಬದಲಿಸುವ ಕೆಲಸ ಮಿದುಳು ಮತ್ತು ಪಿಟ್ಯುಟರಿ ಸೇರಿ ಮಾಡುತ್ತವೆ. ಎಲ್‌ಹೆಚ್ ಉಕ್ಕುತ್ತದೆ, ಉಕ್ಕಲು ಶುರುವಾದ 36 ಗಂಟೆಯ ಆಸುಪಾಸಿನಲ್ಲಿ ಅಂಡ ಹೊರಬರುತ್ತದೆ.

ಇಲಿಯಲ್ಲಿ ಈ ಉಕ್ಕಿಗೆ ಗಡಿಯಾರವೂ ಇದೆ. ಜಾನ್ ಎವರೆಟ್ ಮತ್ತು ಚಾರ್ಲ್ಸ್ ಸಾಯರ್ 1950ರಲ್ಲಿ ಬೆದೆಯ ಮುಂಚಿನ ದಿನ ಮಧ್ಯಾಹ್ನ ಎರಡು ಗಂಟೆಗೆ ಇಲಿಗೆ ನಿದ್ದೆಮದ್ದು ಕೊಟ್ಟರು. ಆ ರಾತ್ರಿ ಅಂಡ ಬೀಳಲಿಲ್ಲ. ಕೆಲವು ಗಂಟೆ ತಡವಾಗಿ ಬಿದ್ದಿತೇ ಎಂದರೆ ಅದೂ ಇಲ್ಲ. ಸರಿಯಾಗಿ 24 ಗಂಟೆ ಮುಂದಕ್ಕೆ ಹೋಯಿತು. ಮದ್ದನ್ನು ನಾಲ್ಕು ಗಂಟೆಗೆ ಕೊಟ್ಟರೆ ಪ್ರಯೋಜನವಿರಲಿಲ್ಲ, ಸಂದೇಶ ಆಗಲೇ ಹೊರಟಾಗಿತ್ತು. ಮೊಲ, ಬೆಕ್ಕು, ಒಂಟೆಗಳಿಗೆ ಈ ಗಡಿಯಾರದ ಗೊಡವೆಯೇ ಬೇಡ; ಕೂಡಿದ ಮೇಲಷ್ಟೇ ಅವುಗಳ ಮಿದುಳು ಅಂಡಕ್ಕೆ ಅಪ್ಪಣೆ ಕೊಡುತ್ತದೆ. ಮೊಲದಲ್ಲಿ ಕೂಡಿದ ಹತ್ತರಿಂದ ಹನ್ನೆರಡು ಗಂಟೆಗೆ ಕೆಲಸ ಮುಗಿದಿರುತ್ತದೆ. ಒಂಟೆಯ ಬಳಗದ ಲಾಮಾದಲ್ಲಂತೂ ಗಂಡಿನ ವೀರ್ಯದಲ್ಲೇ ಹೆಣ್ಣಿನ ಮಿದುಳಿಗೆ ಆಜ್ಞೆ ಮುಟ್ಟಿಸುವ ಪ್ರೋಟೀನು ಇದೆ. ನರಗಳ ಬೆಳವಣಿಗೆಗೆ ಬೇಕಾದ ಪ್ರೋಟೀನೇ ಅದು ಎಂದು 2012ರಲ್ಲಿ ಗುರುತಿಸಿದರು.

ಆಜ್ಞೆ ಇಷ್ಟು ಕೃಪಣತನದ್ದು. ಅದನ್ನು ಕೇಳಿ ಕೆಳಗೆ ನಡೆಯುವುದು ದುಂದು. ವೃಷಣಗಳು ಸೆಕೆಂಡಿಗೆ ಸಾವಿರದಷ್ಟು ವೀರ್ಯಾಣುಗಳನ್ನು ತಯಾರಿಸುತ್ತವೆ, ದಿನಕ್ಕೆ ಎಂಟು ಕೋಟಿ ಮೀರಿ. ಹೆಣ್ಣು ಭ್ರೂಣದಲ್ಲಿ ಇಪ್ಪತ್ತನೆಯ ವಾರಕ್ಕೆ 60ರಿಂದ 70 ಲಕ್ಷ ಅಂಡಕೋಶಗಳಿರುತ್ತವೆ. ಹುಟ್ಟುವಾಗ ಹತ್ತಿಪ್ಪತ್ತು ಲಕ್ಷ. ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ. ಜೀವಮಾನದಲ್ಲಿ ಹೊರಬರುವವು ನಾನೂರರಿಂದ ಐನೂರು.

ಎಲ್ಲಕ್ಕಿಂತ ಉದ್ದದ ಬಿಡುವು ಬಾಲ್ಯ. ಕೂಸು ಹುಟ್ಟಿದ ಮೊದಲ ಕೆಲವು ತಿಂಗಳು ಈ ಮಿಡಿತ ಇರುತ್ತದೆ, ಹಸುಗೂಸಿನ ರಕ್ತದಲ್ಲೂ ಲೈಂಗಿಕ ಹಾರ್ಮೋನುಗಳು ಏರಿರುತ್ತವೆ. ಆಮೇಲೆ ಮಿದುಳು ಅದನ್ನು ತಾನಾಗಿ ಅದುಮಿ ಎಂಟು ಹತ್ತು ವರ್ಷ ಮಲಗಿಸುತ್ತದೆ. ಪಿಟ್ಯುಟರಿಗಾಗಲಿ ಅಂಡಾಶಯಕ್ಕಾಗಲಿ ಕಾಯುವ ಅಗತ್ಯವಿಲ್ಲ ಎಂಬುದನ್ನು ನೋಬಿಲ್ ತಂಡ 1980ರಲ್ಲಿ ತೋರಿಸಿತು. ಪ್ರಾಯಕ್ಕೆ ಬಾರದ ಹೆಣ್ಣು ರೀಸಸ್ ಮಂಗಗಳಿಗೆ ಪಂಪಿನಿಂದ ಗಂಟೆಗೊಮ್ಮೆ ಜಿಎನ್‌ಆರ್‌ಹೆಚ್ ಕೊಟ್ಟಾಗ ಅವು ಅಂಡ ಬಿಡುವ ಚಕ್ರಕ್ಕೆ ಬಂದವು. ಪಂಪು ನಿಲ್ಲಿಸಿದರೆ ಮತ್ತೆ ಬಾಲ್ಯಕ್ಕೆ ಮರಳಿದವು.

ಮಿಡಿತ ದೊಡ್ಡವರಲ್ಲೂ ನಿಲ್ಲಬಲ್ಲದು. ಮೈಯಲ್ಲಿ ಕೊಬ್ಬು ತೀರಾ ಕರಗಿದರೆ, ಹೊಟ್ಟೆಗಿಲ್ಲದಿದ್ದರೆ, ಮಿತಿಮೀರಿ ಓಡಿದರೆ ಮಿದುಳು ‘ಈಗ ಬೇಡ’ ಎನ್ನುತ್ತದೆ. ಬರಗಾಲದಲ್ಲಿ ಮುಟ್ಟು ತಪ್ಪುವುದಕ್ಕೆ ಇದೇ ಕಾರಣ. ಮೊಲೆಯೂಡಿಸುವಾಗಲೂ ಹಾಗೆಯೇ. ಕಲಹಾರಿ ಮರುಭೂಮಿಯ ಕುಂಗ್ ತಾಯಂದಿರು ಯಾವ ಗರ್ಭನಿರೋಧಕವೂ ಇಲ್ಲದೆ ಸುಮಾರು 44 ತಿಂಗಳ ಅಂತರದಲ್ಲಿ ಮಕ್ಕಳನ್ನು ಹಡೆಯುತ್ತಿದ್ದರು. ಮೆಲ್ವಿನ್ ಕಾನರ್ ಮತ್ತು ಕ್ಯಾರಲ್ ವರ್ತ್‌ಮನ್ ಗಡಿಯಾರ ಹಿಡಿದು ನೋಡಿದಾಗ ಕಂಡದ್ದು: ಹಗಲಿನಲ್ಲಿ ಕೂಸು ಸರಾಸರಿ 13 ನಿಮಿಷಕ್ಕೊಮ್ಮೆ ಒಂದೆರಡು ನಿಮಿಷ ಮೊಲೆ ಚೀಪುತ್ತಿತ್ತು. ಒಟ್ಟು ಎಷ್ಟು ಹಾಲು ಕುಡಿಯಿತು ಎಂಬುದಕ್ಕಿಂತ ಎಷ್ಟು ಸಲ ಚೀಪಿತು ಎಂಬುದೇ ಇಲ್ಲಿ ಮುಖ್ಯವಾಯಿತು ಎಂದು ಅವರು 1980ರಲ್ಲಿ ಬರೆದರು. ಇಲ್ಲೂ ಪ್ರಮಾಣ ಸೋತು ಲಯ ಗೆದ್ದಿತು. ಸಿರಿಯಾದ ಹ್ಯಾಮ್‌ಸ್ಟರ್‌ಗೆ ಇದೇ ತಡೆ ಹಗಲಿನ ಉದ್ದದಿಂದ ಬರುತ್ತದೆ. ಬೆಳಕು ದಿನಕ್ಕೆ ಹನ್ನೆರಡೂವರೆ ಗಂಟೆಗಿಂತ ಕಮ್ಮಿಯಾದರೆ ಅದರ ವೃಷಣಗಳು ಕುಗ್ಗಿ ಹೋಗುತ್ತವೆ.

ಈ ಸರಪಳಿಯನ್ನು ಬೇಕೆಂದೇ ಕಡಿಯುವ ಪ್ರಯತ್ನಗಳೂ ನಡೆದವು, ನಮ್ಮಲ್ಲೂ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್.ಆರ್. ಮುದ್ಗಲ್ ಅವರು ದಕ್ಷಿಣ ಭಾರತದ ಬಾನೆಟ್ ಕೋತಿಗಳ ಮೇಲೆ ದಶಕಗಟ್ಟಲೆ ಕೆಲಸ ಮಾಡಿದರು. ಗಂಡು ಕೋತಿಗಳಿಗೆ ಎಫ್‌ಎಸ್‌ಹೆಚ್ ವಿರುದ್ಧ ಲಸಿಕೆ ಕೊಟ್ಟರೆ ಗಂಡಸುತನ ಕುಂದದೆ ಫಲವತ್ತತೆ ಮಾತ್ರ ಕುಂದುತ್ತದೆ ಎಂದು ತೋರಿಸಿದರು. ದೆಹಲಿಯಲ್ಲಿ ಜಿ.ಪಿ. ತಲ್ವಾರ್ ನೇರವಾಗಿ ಜಿಎನ್‌ಆರ್‌ಹೆಚ್ ಮೇಲೆಯೇ ಲಸಿಕೆ ರೂಪಿಸಿದರು. ಆದರೆ ಜಗತ್ತಿನ ಆಸ್ಪತ್ರೆಗಳಲ್ಲಿ ಗೆದ್ದದ್ದು ನೋಬಿಲ್‌ನ ಮಂಗಗಳು ಕಲಿಸಿದ ಉಪಾಯ: ನಿಲ್ಲಿಸಬೇಕೆಂದರೆ ನಿಲ್ಲಿಸದೆ ಕೊಡಿ. ಬೇಗ ಹಾಳಾಗದ ಲ್ಯೂಪ್ರೊಲೈಡ್‌ನಂಥ ನಕಲುಗಳು ಪಿಟ್ಯುಟರಿಯನ್ನು ಎಡೆಬಿಡದೆ ಬಡಿಯುತ್ತವೆ. ಮೊದಲ ಕೆಲವು ದಿನ ಟೆಸ್ಟೋಸ್ಟೆರಾನ್ ಏರುತ್ತದೆ, ಮೂರು ನಾಲ್ಕು ವಾರದಲ್ಲಿ ಬೀಜ ಒಡೆಸಿದವರಲ್ಲಿ ಇರುವ ಮಟ್ಟಕ್ಕೆ ಇಳಿಯುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿನ ಲಕ್ಷಾಂತರ ರೋಗಿಗಳು ಈ ಚುಚ್ಚುಮದ್ದಿನಲ್ಲಿ ವರ್ಷಗಳನ್ನು ಗಳಿಸಿಕೊಂಡಿದ್ದಾರೆ. ಎಂಟು ವರ್ಷಕ್ಕೂ ಮುಂಚೆ ಮೈನೆರೆಯುವ ಹುಡುಗಿಯರ ಪ್ರಾಯವನ್ನು ತಡೆದು ನಿಲ್ಲಿಸಲೂ ಇದೇ ಬಳಕೆಯಲ್ಲಿದೆ.

ಕೊನೆಯದಾಗಿ ಮೂಗಿನ ಮಾತು. ಜಿಎನ್‌ಆರ್‌ಹೆಚ್ ಕೋಶಗಳು ಹುಟ್ಟುವುದು ಮಿದುಳಿನಲ್ಲಲ್ಲ! 1989ರಲ್ಲಿ ಮರ್ಲೀನ್ ಷ್ವಾಂಜೆಲ್-ಫುಕುಡಾ ಮತ್ತು ಡೊನಾಲ್ಡ್ ಫಾಫ್ ಸುಂಡಿಲಿ ಭ್ರೂಣಗಳನ್ನು ಒಂದೊಂದು ದಿನದ ಅಂತರದಲ್ಲಿ ಪರೀಕ್ಷಿಸಿದಾಗ, ಹನ್ನೊಂದನೆಯ ದಿನ ಈ ಕೋಶಗಳು ಮೂಗು ಆಗಲಿರುವ ಜಾಗದಲ್ಲಿದ್ದವು. ಆಮೇಲಿನ ದಿನಗಳಲ್ಲಿ ವಾಸನೆಯ ನರದ ಎಳೆಗಳನ್ನು ಹಿಡಿದುಕೊಂಡು, ತೂತುತೂತಾದ ಎಲುಬನ್ನು ದಾಟಿ, ಹೈಪೋಥಲಾಮಸ್‌ಗೆ ನಡೆದು ಹೋದವು. ಮನುಷ್ಯ ಭ್ರೂಣದಲ್ಲೂ ಇದೇ ಪಯಣ ಆರನೆಯ ವಾರದ ಹೊತ್ತಿಗೆ ಶುರುವಾಗುತ್ತದೆ. 2016ರಲ್ಲಿ ಫ್ರಾನ್ಸಿನ ತಂಡವೊಂದು ಪಾರದರ್ಶಕಗೊಳಿಸಿದ ಭ್ರೂಣಗಳಲ್ಲಿ ಎಣಿಸಿದಾಗ ಸಿಕ್ಕಿದ್ದು ಹತ್ತು ಸಾವಿರ ಕೋಶ. ಹೈಪೋಥಲಾಮಸ್ ಕಡೆಗೆ ಹೊರಟವು ಅದರಲ್ಲಿ ಎರಡು ಸಾವಿರ. ಉಳಿದವು ಮಿದುಳಿನ ಬೇರೆ ಕಡೆ ತಂಗಿದ್ದವು.

ಸಂಖ್ಯೆ ಕಮ್ಮಿಯಾದರೂ ಕೆಲಸ ನಡೆಯುತ್ತದೆ. ಆಲನ್ ಹರ್ಬಿಸನ್ ತಂಡ 2008ರಲ್ಲಿ ತೋರಿಸಿದಂತೆ, ಸುಂಡಿಲಿಯ ಜಿಎನ್‌ಆರ್‌ಹೆಚ್ ಕೋಶಗಳಲ್ಲಿ ಶೇಕಡ 12 ಉಳಿದರೂ, ಅಂದರೆ ನೂರರಷ್ಟು ಕೋಶ, ಅದು ಪ್ರಾಯಕ್ಕೆ ಬರುತ್ತದೆ. ಆದರೆ ಒಂದೂ ಊರು ತಲುಪದಿದ್ದರೆ? ವಾಸನೆಯ ನರಗಳೇ ಸರಿಯಾಗಿ ಬೆಳೆಯದ ಮಕ್ಕಳಲ್ಲಿ ಈ ಕೋಶಗಳು ದಾರಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಅಂಥ 19 ವಾರದ ಭ್ರೂಣವೊಂದರಲ್ಲಿ ಅವು ಮೂಗಿನ ಮೇಲ್ಭಾಗದಲ್ಲೇ ಗುಂಪುಗಟ್ಟಿ ನಿಂತದ್ದು 1989ರಲ್ಲೇ ಕಂಡಿತ್ತು. ಹಾಗೆ ಹುಟ್ಟಿದವರಿಗೆ ಮಲ್ಲಿಗೆಯ ವಾಸನೆಯೂ ತಿಳಿಯದು, ಪ್ರಾಯವೂ ಬಾರದು. ಕಾಲ್ಮನ್ ಸಿಂಡ್ರೋಮ್ ಎಂದು ಇದಕ್ಕೆ ಹೆಸರು. ಅಪರೂಪದ್ದು, ಹತ್ತಾರು ಸಾವಿರಕ್ಕೊಬ್ಬರಲ್ಲಿ ಮಾತ್ರ, ಹೆಚ್ಚಾಗಿ ಹುಡುಗರಲ್ಲಿ.

ಆದರೆ ಇದಕ್ಕೆ ಚಿಕಿತ್ಸೆ ಇದೆ. ಹಾರ್ಮೋನು ಕೊಟ್ಟು ಪ್ರಾಯಕ್ಕೆ ತರಬಹುದು. 1982ರಲ್ಲಿ ಬಾಸ್ಟನ್‌ನ ವೈದ್ಯರು ಮಿಡಿತವೇ ಇಲ್ಲದ ಗಂಡಸರಿಗೆ ಪುಟ್ಟ ಪಂಪು ಕಟ್ಟಿ ಎರಡು ಗಂಟೆಗೊಮ್ಮೆ ಜಿಎನ್‌ಆರ್‌ಹೆಚ್ ಕೊಟ್ಟು ವೃಷಣಗಳನ್ನು ಎಚ್ಚರಿಸಿದರು. ಇಂಥವರು ತಂದೆಯಾಗುವುದೂ ಸಾಧ್ಯ. ನಮ್ಮಲ್ಲಿ ಅಡ್ಡಿಯಾಗಿರುವುದು ಔಷಧದ ಕೊರತೆಗಿಂತ ಹೆಚ್ಚಾಗಿ ಸಂಕೋಚ. ಹುಡುಗಿಗೆ 13 ತುಂಬಿದರೂ ಎದೆ ಮೂಡದಿದ್ದರೆ, ಹುಡುಗನಿಗೆ 14 ತುಂಬಿದರೂ ವೃಷಣ ಬೆಳೆಯುವ ಸುಳಿವಿಲ್ಲದಿದ್ದರೆ ‘ನಿಧಾನಕ್ಕೆ ಆಗುತ್ತದೆ’ ಎಂದು ಮದುವೆಯ ವಯಸ್ಸಿನವರೆಗೆ ಕಾಯಬೇಡಿ, ಹಾರ್ಮೋನು ತಜ್ಞರಿಗೆ ತೋರಿಸಿ. ಹೋಗುವ ಮುಂಚೆ ಒಗ್ಗರಣೆಯ ಘಮ ಮಗುವಿಗೆ ಗೊತ್ತಾಗುತ್ತದೆಯೇ ಎಂದೂ ಒಮ್ಮೆ ಕೇಳಿ, ಉತ್ತರವನ್ನು ವೈದ್ಯರಿಗೆ ಹೇಳಿ.